ಜೀಪಿಗೊಂದು ಅಡ್ಡತೊಲೆ

ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಹಳೇ ಜೀಪಿಗೆ ಸಾವಿಲ್ಲ, ವರ್ಗಾವಣೆ ಮಾತ್ರ. ಮೊದಲು ತಹಶೀಲ್ದಾರರದೋ ನೀರಾವರಿ ಇಂಜಿನಿಯರರದೋ ಆಗಿರುತ್ತದೆ. ದುಡಿದು ಸುಸ್ತಾದ ಮೇಲೆ ಕಚೇರಿಯ ಹಿಂದೆ ಬೇವಿನ ಮರದ ಕೆಳಗೆ ಕೆಲವು ವರ್ಷ ನಿಂತು, ಹರಾಜಿಗೆ ಬರುತ್ತದೆ. ಹರಾಜಿನಲ್ಲಿ ಹಿಡಿದವನು ಒಂದೆರಡು ಎಲೆಕ್ಷನ್ನಿಗೆ ಮೈಕು ಕಟ್ಟಿ ಮೆರೆಸುತ್ತಾನೆ. ಅಲ್ಲಿಂದ ತೋಟಕ್ಕೆ. ಹೊಳಲ್ಕೆರೆ ಸೀಮೆಯಾದರೆ ಅಡಿಕೆ ಗೊನೆ ಹೊರುತ್ತದೆ, ಹೊಸದುರ್ಗದ ಕಡೆಯಾದರೆ ತೆಂಗಿನಕಾಯಿ. ಹಿರಿಯೂರಿನ ಎರೆ ಹೊಲಕ್ಕೆ ಮಳೆ ಬಿದ್ದ ಮಾರನೇ ದಿನ ಒಳಗೆ ಹೋಗಿ ಹೊರಗೆ ಬರುವ ಗಾಡಿ ಟ್ರ್ಯಾಕ್ಟರ್ ಬಿಟ್ಟರೆ ಅದೊಂದೇ. ಇಷ್ಟು ವರ್ಗಾವಣೆಯಲ್ಲಿ ಊರೂರಿನ ಮೆಕ್ಯಾನಿಕ್ಕುಗಳೂ ಅದರ ಮೈಮೇಲೆ ತಮ್ಮ ತಮ್ಮ ಸಹಿ ಹಾಕಿರುತ್ತಾರೆ. ಒಬ್ಬ ಪಟ್ಟಿ ಹೊಡೆದಿರುತ್ತಾನೆ, ಇನ್ನೊಬ್ಬ ಆ ಪಟ್ಟಿ ಕತ್ತರಿಸಿ ಬೇರೆ ಪಟ್ಟಿ ಬೆಸೆದಿರುತ್ತಾನೆ. ಆದ್ದರಿಂದ ಎರಡು ಹಳೇ ಜೀಪುಗಳು ಒಂದೇ ಮಾಡೆಲ್ ಎಂದು ಆರ್‌ಸಿ ಪುಸ್ತಕ ಹೇಳಿದರೆ ನಂಬಬಾರದು. ಬಾನೆಟ್ ಎತ್ತಿ, ಕೆಳಗೆ ಮಲಗಿ, ಟಾರ್ಚ್ ಬಿಟ್ಟು ನೋಡಬೇಕು.

ನನ್ನದು ಮಹೀಂದ್ರಾ ಸಿಜೆ-3ಬಿ. ನಂಬರ್ ಪ್ಲೇಟು ‘ಎಂವೈ’ ಎಂದು ಶುರುವಾಗುತ್ತದೆ, ಮೈಸೂರು ಎಂಬ ಹೆಸರಿನ ಪಳೆಯುಳಿಕೆ. ಈ ಗಾಡಿಯ ಮುಖ ಕಂಡವರಿಗೆ ಬಾನೆಟ್ಟು ಏಕೆ ಅಷ್ಟು ಎತ್ತರ ಎಂಬ ಪ್ರಶ್ನೆ ಬರುತ್ತದೆ. ಯುದ್ಧಕಾಲದ ಜೀಪಿನದು ತಗ್ಗಿದ ಬಾನೆಟ್ಟು. ವಿಲ್ಲೀಸ್ ಕಂಪನಿ 1953ರಲ್ಲಿ ಹರಿಕೇನ್ ಎಂಬ ಹೊಸ ಇಂಜಿನ್ ಹಾಕಲು ಹೊರಟಾಗ, ಒಳಗಾಳಿಯ ವಾಲ್ವುಗಳು ಮೇಲುಗಡೆಗೆ ಬಂದು ಇಂಜಿನ್ನಿನ ತಲೆ ಹಳೇ ಬಾನೆಟ್ಟಿಗೆ ತಾಗಿತು. ಅವರು ಬಾನೆಟ್ಟನ್ನೇ ಎತ್ತರಿಸಿದರು. ಅಮೆರಿಕದಲ್ಲಿ ಅದು 1968ಕ್ಕೆ ನಿಂತುಹೋಯಿತು. ಜಪಾನಿನ ಮಿತ್ಸುಬಿಷಿಯವರು ಅದೇ ಅಚ್ಚಿನ ಜೀಪನ್ನು 1998ರವರೆಗೂ ಮಾಡಿದರು. ನಮ್ಮ ಮಹೀಂದ್ರಾದವರಂತೂ ಆ ಮೈಕಟ್ಟನ್ನು ಹಿಡಿದುಕೊಂಡವರು ಬಹಳ ಕಾಲ ಬಿಡಲೇ ಇಲ್ಲ. ಇಂಜಿನ್ನಿಗಾಗಿ ಗಾಡಿಯನ್ನು ತಿದ್ದುವ ಚಾಳಿ ಹೀಗೆ ಕಂಪನಿಯಿಂದಲೇ ಶುರುವಾದದ್ದು. ಮೆಕ್ಯಾನಿಕ್ಕುಗಳನ್ನು ಮಾತ್ರ ಬೈದು ಪ್ರಯೋಜನವಿಲ್ಲ.

ಹರಿಕೇನ್ ಒಳ್ಳೆಯ ಇಂಜಿನ್ನೇ, ಆದರೆ ಪೆಟ್ರೋಲಿನದು. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ಜೀಪು ಇಟ್ಟುಕೊಂಡ ರೈತನ ಪಾಡು ಹೇಳತೀರದು. ಮಹೀಂದ್ರಾದವರು ಇಂಟರ್‌ನ್ಯಾಷನಲ್ ಟ್ರ್ಯಾಕ್ಟರಿನ ಡೀಸೆಲ್ ಇಂಜಿನ್ನನ್ನೇ ಜೀಪಿಗೆ ಒಗ್ಗಿಸಿದರು. ಆಮೇಲೆ 1979ರಲ್ಲಿ ಫ್ರಾನ್ಸಿನ ಪ್ಯೂಜೋ ಕಂಪನಿಯಿಂದ ಎಕ್ಸ್‌ಡಿಪಿ 4.90 ಎಂಬ ಡೀಸೆಲ್ ಇಂಜಿನ್ನಿನ ಪರವಾನಗಿ ತಂದರು. 2112 ಸಿಸಿ, ನಾಲ್ಕು ಸಿಲಿಂಡರ್. ಈ ಇಂಜಿನ್ನಿನ ಎಂಎಂ 540 ಜೀಪು ಓಡಿಸಿದವರಿಗೆ ಅದರ ಕಟಕಟ ಸದ್ದು ಕಿವಿಯಲ್ಲಿ ಕೂತಿರುತ್ತದೆ. ನನ್ನ ಜೀಪಿನ ಹರಿಕೇನ್ ಬ್ಲಾಕು ಬಿರುಕು ಬಿಟ್ಟು ನೀರೂ ಆಯಿಲೂ ಒಂದಾದಾಗ, ಗುಜರಿಗೆ ಹೋಗಲಿದ್ದ ಒಂದು ಎಂಎಂ 540ರಿಂದ ಪ್ಯೂಜೋ ಇಂಜಿನ್ನನ್ನು ಬೆಲ್ ಹೌಸಿಂಗ್, ಗೇರ್ ಬಾಕ್ಸ್ ಸಮೇತ, ಮುಖ್ಯವಾಗಿ ಕಾಗದಪತ್ರ ಸಮೇತ, ತಂದೆ. ಹೊಸದುರ್ಗದ ನಮ್ಮ ಭಾವ ಇದನ್ನು ಕೇಳಿ, “ಇಂಜಿನ್ ಹಾಕ್ಸೋ ದುಡ್ಡಿಗೆ ಒಂದು ಹೊಸ ಸ್ಕೂಟರ್ ಬರ್ತಿತ್ತಲ್ಲೋ” ಎಂದರು. ಅವರು ಎಲ್ಲವನ್ನೂ ಸ್ಕೂಟರಿನಲ್ಲಿ ಲೆಕ್ಕ ಹಾಕುವವರು.

ಇಂಜಿನ್ ತಂದರಾಯಿತೇ? ಅದು ನಿಲ್ಲಲು ಜಾಗ ಬೇಕು. ಹಿಂದುಗಡೆ ಗೇರ್ ಬಾಕ್ಸಿನ ಅಡಿಯ ರಬ್ಬರು ಹಳೇ ಅಡ್ಡತೊಲೆಯ ಮೇಲೆ ಸ್ವಲ್ಪ ಉಪಚಾರ ಮಾಡಿಸಿಕೊಂಡು ಕೂತಿತು. ಮುಂದುಗಡೆಯದೇ ಕಷ್ಟ. ಹರಿಕೇನ್ ಇಂಜಿನ್ನಿನ ಕೈಗಳು ಒಂದು ಕಡೆ, ಪ್ಯೂಜೋದ ಕೈಗಳು ಇನ್ನೊಂದು ಕಡೆ. ಚಾಸಿಯ ಎರಡು ಉದ್ದತೊಲೆಗಳ ನಡುವೆ, ಇಂಜಿನ್ನಿನ ಅಡಿಯಲ್ಲಿ ಹಾದುಹೋಗುವ ಒಂದು ಅಡ್ಡತೊಲೆ, ಅದರ ಮೇಲೆ ಎಡಕ್ಕೊಂದು ಬಲಕ್ಕೊಂದು ಮೋಟು ಕಂಬ, ಕಂಬದ ಮೇಲೆ ರಬ್ಬರು. ಗ್ಯಾರೇಜಿನವರು ಇದಿಷ್ಟಕ್ಕೂ ಸೇರಿ ‘ಫೌಂಡೇಶನ್’ ಎನ್ನುತ್ತಾರೆ. ಇದನ್ನು ರೆಡಿಮೇಡ್ ಮಾಡಿ ಮಾರುವವರಿದ್ದಾರೆ. ಕಂಪನಿಯ ಮಾಲಲ್ಲ, ಹೊರಗಿನದು. ದೆಹಲಿಯ ಕಾಶ್ಮೀರಿ ಗೇಟಿನ ಬಿಡಿಭಾಗದ ಪೇಟೆಯಿಂದ ಅಂಥದೊಂದನ್ನು ತರಿಸಿದೆ. ಲಾರಿ ಪಾರ್ಸೆಲ್ಲು ಹಿರಿಯೂರಿಗೆ ಬಂತು. ಬೆಂಗಳೂರು–ಪುಣೆ ಹೆದ್ದಾರಿಯೂ ಬಳ್ಳಾರಿ–ಮೈಸೂರು ರಸ್ತೆಯೂ ಕೂಡುವ ಊರಾದ್ದರಿಂದ ದೇಶದ ಯಾವ ಮೂಲೆಯ ಲಾರಿಯಾದರೂ ಹಿರಿಯೂರಿನಲ್ಲಿ ಒಮ್ಮೆ ಟೀ ಕುಡಿದೇ ಹೋಗುತ್ತದೆ. ಗೋಣಿ ಬಿಚ್ಚಿದರೆ ಕಪ್ಪು ಬಣ್ಣ ಬಳಿದ, ಒಳ್ಳೆಯ ದಪ್ಪ ತಗಡಿನ, ಕಣ್ಣಿಗೆ ತುಂಬ ಭದ್ರವಾಗಿ ಕಾಣುವ ವಸ್ತು. ತುದಿಗೆ ಚೀಟಿ: ‘3ಬಿ ಟು ಪ್ಯೂಜೋ, ಡೈರೆಕ್ಟ್ ಫಿಟ್’.

ಚಿತ್ರದುರ್ಗದಲ್ಲಿ ಚಳ್ಳಕೆರೆ ಟೋಲ್‌ಗೇಟಿನ ಕಡೆ ನನ್ನ ಗಾಡಿ ನೋಡುವ ಸಾಬರಿದ್ದಾರೆ. ಅವರ ತಂದೆಯೂ ಜೀಪಿನ ಮೆಕ್ಯಾನಿಕ್ಕು. ಗಣಿಗಳ ಜೀಪು, ಆಸ್ಪತ್ರೆಯ ಜೀಪು, ಎಲ್ಲವೂ ಆ ಗ್ಯಾರೇಜಿನ ಬೇವಿನ ಮರದ ನೆರಳಿಗೆ ಬಂದು ಹೋದವಂತೆ. ಸಾಬರು ಆ ಅಡ್ಡತೊಲೆಯನ್ನು ಎರಡು ಕೈಯಲ್ಲಿ ಎತ್ತಿ ತೂಗಿ ನೋಡಿದರು. ಬೆಸುಗೆಯ ಮೇಲೆ ಉಗುರು ಎಳೆದರು. “ಮಾಲು ಒಳ್ಳೇದೈತೆ ಮೇಷ್ಟ್ರೇ” ಎಂದರು. ನಾನು ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು. ಒಳ್ಳೇದೈತೆ ಎಂದ ಮೇಲೆ ‘ಆದರೆ’ ಬರುತ್ತದೆ ಎಂದು ಕಾದೆ. ಬಂತು. “ಆದ್ರೆ ಇದು ಯಾವ ಜೀಪಿಗೆ ಮಾಡಿದ್ದೋ ಆ ಜೀಪು ಫ್ಯಾಕ್ಟರಿಯಿಂದ ಹೊರಕ್ಕೆ ಬಂದಿಲ್ಲ.”

ನನಗೆ ಆ ಮಾತು ತಕ್ಷಣ ಹಿಡಿಸಿತು. ಪೇಟೆಯಲ್ಲಿ ಸಿಗುವ ಇಂಥ ತೊಲೆ ಒಂದು ನಕ್ಷೆಗೆ ಹೊಂದುವಂತೆ ಮಾಡಿದ್ದು. ನಕ್ಷೆಯಲ್ಲಿರುವ ಜೀಪು ಗುಂಡಿಗೆ ಬಿದ್ದಿಲ್ಲ, ಮಿತಿ ಮೀರಿ ಭಾರ ಹೊತ್ತಿಲ್ಲ, ಯಾರೂ ಅದನ್ನು ಕೆಸರಿನಿಂದ ಟ್ರ್ಯಾಕ್ಟರಿಗೆ ಚೈನು ಬಿಗಿದು ಅಡ್ಡಡ್ಡ ಎಳೆದಿಲ್ಲ. ರಸ್ತೆಯ ಮೇಲಿನ ಜೀಪು ಇದೆಲ್ಲವನ್ನೂ ಮಾಡಿಸಿಕೊಂಡಿದೆ. ಅಂಗಡಿಯಲ್ಲಿ ಕೊಂಡದ್ದು ಅರ್ಧ ತೊಲೆ ಮಾತ್ರ. ಉಳಿದರ್ಧ ಯಾವ ಗಾಡಿಗೆ ಹಾಕುತ್ತೀರೋ ಆ ಗಾಡಿಯ ಪಕ್ಕದಲ್ಲೇ ತಯಾರಾಗಬೇಕು. ಇದಕ್ಕೆ ಕಂಪನಿಗಳು ಗ್ಯಾರಂಟಿ ಕಾರ್ಡು ಕೊಡುವುದಿಲ್ಲ. ಸಾಬರೂ ಕೊಡುವುದಿಲ್ಲ. ಆದರೆ ಅವರು ಅಲ್ಲೇ ಇರುತ್ತಾರೆ, ಅದೇ ಗ್ಯಾರಂಟಿ.

ಮೊದಲು ಚಾಸಿ ಅಳೆಯುವ ಶಾಸ್ತ್ರ. ಕಾಲೇಜಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಪಾಠ ಮಾಡಿದ ನಾನು ಇದನ್ನು ಕುರ್ಚಿ ಹಾಕಿಕೊಂಡು ನೋಡಿದೆ. ಗಾಡಿಯನ್ನು ನಾಲ್ಕು ಸ್ಟ್ಯಾಂಡುಗಳ ಮೇಲೆ ಮಟ್ಟವಾಗಿ ನಿಲ್ಲಿಸಿದರು. ನೆಲವನ್ನು ಗುಡಿಸಿ, ಆಯಿಲ್ ಕಲೆಯ ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದರು. ಮುಂದಿನ ಸ್ಪ್ರಿಂಗ್ ಹ್ಯಾಂಗರಿನ ಬೋಲ್ಟಿಗೆ ಗಾರೆಯವರ ತೂಕದ ಗುಂಡು ಇಳಿಬಿಟ್ಟು, ಅದು ತೂಗಾಡುವುದು ನಿಲ್ಲುವವರೆಗೆ ಬೀಡಿ ಸೇದದೆ ಕಾದು, ಮೊನೆ ತೋರಿಸಿದ ಜಾಗಕ್ಕೆ ಚುಕ್ಕಿ ಇಟ್ಟರು. ಹಾಗೆಯೇ ನಾಲ್ಕು ಮೂಲೆಗೂ. ಆಮೇಲೆ ಗಾಡಿಯ ಅಡಿಯಲ್ಲಿ ಹುಡುಗನನ್ನು ತೂರಿಸಿ, ಚುಕ್ಕಿಯಿಂದ ಚುಕ್ಕಿಗೆ ಎಕ್ಸ್ ಆಕಾರದಲ್ಲಿ ದಾರ ಎಳೆಸಿದರು. ಎರಡು ಕರ್ಣಗಳೂ ಸಮವಾಗಿದ್ದರೆ ಚಾಸಿ ಚೌಕ. ನಮ್ಮದರಲ್ಲಿ ಒಂದು ದಾರ ಇನ್ನೊಂದಕ್ಕಿಂತ ಹೆಬ್ಬೆರಳಿನಗಲ ಉದ್ದ ಬಂತು. ಎಡದ ತೊಲೆ ಬಲದ ತೊಲೆಗಿಂತ ಚೂರು ಹಿಂದೆ ಸರಿದಿತ್ತು. ಎಂದೋ ಎಲ್ಲೋ ಎಡಗಡೆಯ ಗಾಲಿ ಬಂಡೆಗೆ ಗುದ್ದಿರಬೇಕು. ದುರ್ಗದ ಸೀಮೆಯಲ್ಲಿ ಬಂಡೆಗೇನು ಬರ.

ಭಾವನಿಗೆ ಫೋನಿನಲ್ಲಿ ಹೇಳಿದರೆ, “ಹೈವೇ ಮೇಲೆ ಲಾರಿ ಚಾಸಿ ನೆಟ್ಟಗೆ ಮಾಡೋರಿದಾರಲ್ಲ, ಜಗ್ಗಿಸಿಬಿಡು” ಎಂದು ಪರಿಹಾರ ಸೂಚಿಸಿದರು. ಆಕ್ಸಿಡೆಂಟಾದ ಲಾರಿಗಳ ಚಾಸಿಯನ್ನು ಹೈಡ್ರಾಲಿಕ್ ಜಾಕಿ ಕೊಟ್ಟು ನೇರ ಮಾಡುವ ಕೆಲಸವೇನೋ ಇದೆ. ಸಾಬರು ತಲೆ ಅಲ್ಲಾಡಿಸಿದರು. “ಈ ವಯಸ್ಸಿಗೆ ಸೊಂಟ ನೆಟ್ಟಗೆ ಮಾಡೋಕೆ ಹೋಗಬಾರದು ಮೇಷ್ಟ್ರೇ. ನಡಿಯೋದೂ ನಿಂತುಹೋಗುತ್ತೆ.” ಆ ಸೊಟ್ಟಕ್ಕೆ ತಕ್ಕಂತೆ ಸ್ಟೀರಿಂಗ್ ಲಿಂಕು, ಬಾಡಿ, ಬಾನೆಟ್ಟು, ಬಾಗಿಲ ತಗಡು ಎಲ್ಲವೂ ದಶಕಗಳಿಂದ ರಾಜಿ ಮಾಡಿಕೊಂಡು ಕೂತಿವೆ. ಒಂದನ್ನು ನೇರ ಮಾಡಿದರೆ ಹತ್ತು ಕಡೆ ಸೊಟ್ಟವಾಗುತ್ತದೆ.

ರೆಡಿಮೇಡ್ ತೊಲೆಯನ್ನು ಕೆಳಗಿನಿಂದ ಹಿಡಿದು ನೋಡಿದಾಗ ನಿರೀಕ್ಷೆಯಂತೆ ಬಲಗಡೆಯ ತೂತುಗಳು ಸೇರಿದವು, ಎಡಗಡೆಯವು ಅರ್ಧ ಚಂದ್ರ ತೋರಿಸಿದವು. ಇಲ್ಲಿ ಅವಸರದ ಮೆಕ್ಯಾನಿಕ್ಕು ಎರಡರಲ್ಲಿ ಒಂದು ಮಾಡುತ್ತಾನೆ. ಗ್ಯಾಸ್ ಕಟರಿನಿಂದ ತೂತನ್ನು ದೊಡ್ಡದು ಮಾಡಿ ಬೋಲ್ಟು ತೂರಿಸುತ್ತಾನೆ; ಇಲ್ಲವೇ ತೊಲೆಯನ್ನು ಚಾಸಿಗೆ ಸೀದಾ ವೆಲ್ಡ್ ಮಾಡಿ ಕೈ ತೊಳೆದುಕೊಳ್ಳುತ್ತಾನೆ. ಎರಡೂ ಪಾಪ. ಅಗಲಿಸಿದ ತೂತಿನಲ್ಲಿ ಬೋಲ್ಟು ದಿನವೂ ಅಲುಗಾಡಿ ತೂತನ್ನು ಇನ್ನಷ್ಟು ತಿನ್ನುತ್ತದೆ. ಎರಡನೆಯದು ಇನ್ನೂ ಕೆಟ್ಟದು. ಅದಕ್ಕೆ ಕಾರಣ ಹೇಳುವಾಗ ನನ್ನೊಳಗಿನ ಮೇಷ್ಟ್ರು ಎದ್ದು ಕೂರುತ್ತಾನೆ, ಓದುಗರು ಸ್ವಲ್ಪ ಸಹಿಸಿಕೊಳ್ಳಬೇಕು.

ಚಾಸಿಯ ಉದ್ದತೊಲೆಗೆ ಒಂದು ನಿಂತ ಗೋಡೆ, ಗೋಡೆಯ ಮೇಲೊಂದು ಕೆಳಗೊಂದು ಮಲಗಿದ ತುಟಿ. ಗಾಡಿ ಗುಂಡಿಗಿಳಿದು ತೊಲೆ ಬಾಗುವಾಗ ಒಂದು ತುಟಿ ಹಿಗ್ಗುತ್ತದೆ, ಇನ್ನೊಂದು ಕುಗ್ಗುತ್ತದೆ. ನಟ್ಟನಡುವಿನ ಗೆರೆಯಲ್ಲಿ ಹಿಗ್ಗೂ ಇಲ್ಲ, ಕುಗ್ಗೂ ಇಲ್ಲ. ಅಂದರೆ ಅತಿ ಹೆಚ್ಚು ನೋವು ತಿನ್ನುವುದು ತುಟಿಗಳೇ. ಅಲ್ಲಿ ತೂತು ಕೊರೆದರೆ, ಅಥವಾ ತುಟಿಗೆ ಅಡ್ಡಲಾಗಿ ವೆಲ್ಡಿಂಗ್ ಗೆರೆ ಎಳೆದರೆ, ಬಿರುಕು ಅಲ್ಲಿಂದಲೇ ಹೊರಡುತ್ತದೆ. ತೂತು ಬೇಕೇ ಬೇಕೆಂದರೆ ಗೋಡೆಯ ನಡುವಿಗೆ ಹಾಕಬೇಕು. ಇದನ್ನು ನಾನು ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿಕೊಟ್ಟಿದ್ದೇನೆ. ಸಾಬರು ಬೋರ್ಡು ನೋಡಿದವರಲ್ಲ. ನಡುವಿನಲ್ಲಿ ಬಿರುಕು ಬಿಟ್ಟ ಚಾಸಿಯನ್ನು ನೋಡಿಲ್ಲ, ತುಟಿಯಲ್ಲಿ ಬಿಟ್ಟದ್ದನ್ನು ಬೇಕಾದಷ್ಟು ನೋಡಿದ್ದಾರೆ, ಅಷ್ಟೇ. ಅವರ ಮಾತಿನಲ್ಲಿ ಸೂತ್ರ ಇನ್ನೂ ಚಿಕ್ಕದು: “ಚಾಸಿಗೆ ಕೈ ಹಾಕಬೇಡ, ತುಂಡಿಗೆ ಕೈ ಹಾಕು.” ದುಡ್ಡು ಕೊಟ್ಟು ತಂದ ಹೊಸ ತೊಲೆಯನ್ನು ಕತ್ತರಿಸು, ಹಳೇ ಚಾಸಿಯನ್ನು ಬಿಡು ಎಂದು ಅರ್ಥ. ತುಂಡು ಹಾಳಾದರೆ ಇನ್ನೊಂದು ಸಿಗುತ್ತದೆ, ಚಾಸಿ ಹಾಳಾದರೆ ಜೀಪೇ ಹೋಯಿತು. ಎಷ್ಟೋ ಜನ ಹೊಸದರ ಮೇಲಿನ ಮೋಹಕ್ಕೆ ಇದರ ತಿರುಗುಮುರುಗು ಮಾಡುತ್ತಾರೆ.

ಗೋಡೆಯ ಮೇಲೆ ಅಡಿಕೆ ಮಂಡಿಯವರು ಕೊಟ್ಟ ಹಳೇ ಕ್ಯಾಲೆಂಡರು ನೇತಾಡುತ್ತಿತ್ತು. ಸಾಬರು ಅದರ ರಟ್ಟು ಕಿತ್ತು, ಚಾಸಿಯ ಎಡಗೋಡೆಗೆ ಒತ್ತಿ ಹಿಡಿದು, ಹಳೇ ತೂತುಗಳ ಮೇಲೆ ಸುತ್ತಿಗೆಯ ಗುಂಡುತಲೆಯಿಂದ ಮೆಲ್ಲಗೆ ತಟ್ಟಿದರು. ತೂತಿನ ಅಂಚು ರಟ್ಟಿನ ಮೇಲೆ ಉಂಗುರವಾಗಿ ಮೂಡಿತು. ಕತ್ತರಿಯಿಂದ ಕತ್ತರಿಸಿದರೆ ಅದೇ ಟೆಂಪ್ಲೇಟು. ಹೊಸ ತೊಲೆಯ ಎಡತುದಿಯ ಫಲಕವನ್ನು ಗ್ರೈಂಡರಿನಿಂದ ಕತ್ತರಿಸಿ ತೆಗೆದು, ರಟ್ಟಿನ ಅಳತೆಗೆ ಹೊಸ ಫಲಕ ಮಾಡಿ, ಅದನ್ನು ಚಾಸಿಗೆ ಬೋಲ್ಟು ಬಿಗಿದು, ತೊಲೆಯನ್ನು ಅದಕ್ಕೆ ಆನಿಸಿ, ಅಲ್ಲಲ್ಲಿ ಟ್ಯಾಕ್ ಹಾಕಿದರು. ಪೂರ್ತಿ ಬೆಸುಗೆ ಏನಿದ್ದರೂ ತೊಲೆ ಬಿಚ್ಚಿ ಕೆಳಗಿಳಿಸಿದ ಮೇಲೆಯೇ, ಬೆಂಚಿನ ಮೇಲೆ. ಗಾಡಿಯಲ್ಲಿದ್ದಾಗಲೇ ಬೆಸೆದರೆ ಬಿಸಿಗೆ ತೊಲೆ ಜಗ್ಗಿ ಚಾಸಿಯನ್ನೂ ಎಳೆಯುತ್ತದಂತೆ.

ಬೋಲ್ಟಿನ ವಿಚಾರದಲ್ಲಿ ಸಾಬರಿಗಿಂತ ನಾನು ಕಟ್ಟುನಿಟ್ಟು. ಬೋಲ್ಟಿನ ತಲೆಯ ಮೇಲೆ 8.8 ಎಂದು ಕೆತ್ತಿರಬೇಕು. ಮೊದಲ 8 ಎಂದರೆ ಒಂದು ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತ ಬಂದಾಗ ಹರಿಯುತ್ತದೆ. ಚುಕ್ಕಿಯಾಚೆಯ 8 ಎಂದರೆ ಅದರ ಎಂಟಾಣೆ ಅಲ್ಲ, ನೂರಕ್ಕೆ ಎಂಬತ್ತು ಪಾಲು, 640ರಲ್ಲಿ ಶಾಶ್ವತವಾಗಿ ಹಿಗ್ಗಲು ಶುರು. ತಲೆ ಬೋಳಾಗಿರುವ ಬೋಲ್ಟು ಗೇಟಿಗೆ ಸರಿ. ಚಾಸಿಯ ಪೆಟ್ಟಿಗೆಯಂತೆ ಮುಚ್ಚಿದ ಭಾಗದಲ್ಲಿ ಬೋಲ್ಟು ಬಿಗಿದರೆ ಗೋಡೆ ಒಳಕ್ಕೆ ಕುಸಿಯುತ್ತದೆಂದು ಒಳಗೆ ದಪ್ಪ ಪೈಪಿನ ತುಂಡನ್ನು ಲೇತಿನಲ್ಲಿ ಅಳತೆಗೆ ಕಡಿಸಿ ತೂರಿಸಿದರು. ಇದು ಹೊರಗೆ ಯಾರಿಗೂ ಕಾಣುವುದಿಲ್ಲ. ಬಿಲ್ಲಿನಲ್ಲಿ ಮಾತ್ರ ಕಾಣುತ್ತದೆ.

ಚೈನ್ ಬ್ಲಾಕಿನಲ್ಲಿ ತೂಗುಬಿಟ್ಟ ಇಂಜಿನ್ನು ಗೇರ್ ಬಾಕ್ಸಿನೊಂದಿಗೆ ಇಳಿದು ಕೂತಿತು. ಇನ್ನೊಂದು ಪರೀಕ್ಷೆ ಉಳಿದಿತ್ತು. ಜೀಪಿನ ಮುಂದಿನ ಆ್ಯಕ್ಸಲ್ ಹೌಸಿಂಗಿನ ಗುಂಡು, ಅಂದರೆ ಡಿಫರೆನ್ಷಿಯಲ್ಲು, ನಟ್ಟನಡುವೆ ಇರದೆ ಒಂದು ಪಕ್ಕಕ್ಕೆ ಸರಿದಿರುತ್ತದೆ. ಮುಂದಿನ ಗಾಲಿಗೆ ಶಕ್ತಿ ಒಯ್ಯುವ ಶಾಫ್ಟು ಅದೇ ಪಕ್ಕದಲ್ಲಿ ಓಡುತ್ತದೆ. ಗಾಡಿ ದಡಾರನೆ ಇಳಿದಾಗ ಈ ಗುಂಡು ಮೇಲೆದ್ದು ಅಡ್ಡತೊಲೆಗೋ ಇಂಜಿನ್ನಿನ ಆಯಿಲ್ ಚೇಂಬರಿಗೋ ಗುದ್ದಿದರೆ ಕಥೆ ಮುಗಿಯಿತು. ಫೋರ್‌ವೀಲ್ ಡ್ರೈವ್ ಇಲ್ಲದ ಗಾಡಿಗೆ ಈ ತಲೆನೋವಿಲ್ಲ. ಅದರ ಮುಂಭಾಗದಲ್ಲಿ ಬರೀ ಸರಳಿನ ಆ್ಯಕ್ಸಲ್ಲು. ಸಾಬರು ಹುಡುಗನಿಂದ ಹಸಿ ಜೇಡಿಮಣ್ಣು ತರಿಸಿ, ಉಂಡೆ ಕಟ್ಟಿ ಗುಂಡಿನ ನೆತ್ತಿಗೆ, ಶಾಫ್ಟಿನ ಜಾಯಿಂಟಿನ ಹತ್ತಿರಕ್ಕೆ, ಚೇಂಬರಿನ ಕೆಳಮೂಲೆಗೆ ಮೆತ್ತಿದರು. ಆಮೇಲೆ ಹೌಸಿಂಗನ್ನು ಜಾಕಿಯಲ್ಲಿ, ಸ್ಪ್ರಿಂಗಿನ ಮೇಲಿನ ರಬ್ಬರು ಚಾಸಿಗೆ ಮುಟ್ಟುವವರೆಗೆ ಎತ್ತಿದರು. ಇಳಿಸಿ ನೋಡಿದರೆ ಮಣ್ಣಿನ ಉಂಡೆ ಒಂದೂವರೆ ಬೆರಳು ದಪ್ಪಕ್ಕೆ ಚಪ್ಪಟೆಯಾಗಿತ್ತು. “ಒಂದು ಬೆರಳು ಉಳಿದ್ರೂ ಪಾಸು” ಎಂದರು. ಈ ಪ್ರಯೋಗವನ್ನು ನಾನು ನನ್ನ ಲ್ಯಾಬಿನಲ್ಲಿ ಇಷ್ಟು ಅಗ್ಗವಾಗಿ ಮಾಡಿಸಿರಲಿಲ್ಲ.

ರಬ್ಬರುಗಳ ನಟ್ಟನ್ನು ಕೊನೆಯವರೆಗೂ ಸಡಿಲವಾಗಿಯೇ ಬಿಟ್ಟಿದ್ದರು. ಗಾಡಿ ನಾಲ್ಕು ಗಾಲಿಯ ಮೇಲೆ ಇಳಿದು, ಇಂಜಿನ್ನಿನ ಪೂರ್ತಿ ಭಾರ ಕೂತು, ಸ್ಟಾರ್ಟ್ ಮಾಡಿ ಅದು ಒಮ್ಮೆ ನಡುಗಿ ತನ್ನ ಜಾಗ ತಾನು ಹುಡುಕಿಕೊಂಡ ಮೇಲೆ ಬಿಗಿದರು. ಮೊದಲೇ ಬಿಗಿದರೆ ರಬ್ಬರು ತಿರುಚಿಕೊಂಡೇ ಬದುಕಬೇಕು, ಬೇಗ ಹರಿಯುತ್ತದೆ. ಡೀಸೆಲ್ ಇಂಜಿನ್ನಿನ ನಡುಕ ಪೆಟ್ರೋಲಿನದಕ್ಕಿಂತ ಜಾಸ್ತಿ. ಬೆಳಗಿನ ಚಳಿಗೆ ಹೀಟರ್ ಪ್ಲಗ್ಗು ಕಾಯಿಸಿ ಸ್ಟಾರ್ಟ್ ಮಾಡಿದಾಗ ಕನ್ನಡಿಯಲ್ಲಿ ಹಿಂದಿನ ರಸ್ತೆ ಎರಡೆರಡಾಗಿ ಕಾಣುತ್ತದೆ. ಬಿಸಿಯಾದ ಮೇಲೆ ಒಂದಾಗುತ್ತದೆ.

ಇಂಜಿನ್ ಬದಲಾಯಿಸುವುದು ಕಾನೂನಿನ ಕೆಲಸವೂ ಹೌದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿ ಅಧಿಕಾರಿಯ ಒಪ್ಪಿಗೆ ಬೇಕು, ಹೊಸ ಇಂಜಿನ್ ನಂಬರು, ಇಂಧನ ಎರಡೂ ಆರ್‌ಸಿಯಲ್ಲಿ ದಾಖಲಾಗಬೇಕು. 2019ರಲ್ಲಿ ಸುಪ್ರೀಂ ಕೋರ್ಟು ಗಾಡಿಗಳ ಮೂಲರೂಪ ತಿರುಚುವವರಿಗೆ ಬಿಸಿ ಮುಟ್ಟಿಸಿದ ಮೇಲೆ ಎಲ್ಲರಿಗೂ ಎಚ್ಚರ ಜಾಸ್ತಿ. ನಾನು ಒಪ್ಪಿಗೆ ಕೈಗೆ ಬಂದ ಮೇಲೆಯೇ ಹಳೇ ಇಂಜಿನ್ ಇಳಿಸಿದ್ದು. ದುರ್ಗದ ಕೆಎ-16 ಕಚೇರಿಯಲ್ಲಿ ತಪಾಸಣೆಗೆ ಬಂದವರು ಇಂಜಿನ್ ನಂಬರು ಉಜ್ಜಿ ಓದಿಕೊಂಡರು. ಅಡಿಯಲ್ಲಿ ಬಗ್ಗಿ ತೊಲೆ ನೋಡಿ, “ಇದು ಕಂಪನಿದಾ?” ಎಂದರು. ಸಾಬರು, “ಅರ್ಧ ಸಾರ್” ಎಂದರು. ಅವರು ನಕ್ಕು ಬೋಲ್ಟಿನ ತಲೆಗಳನ್ನು ಒಂದೊಂದಾಗಿ ನೋಡಿದರು. ಓದಿದ ಮನುಷ್ಯ.

ಹೊಸದುರ್ಗಕ್ಕೆ ಒಯ್ದಾಗ ಭಾವ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಸ್ಕೂಟರಿನ ಮಾತೆತ್ತದೆ ಹತ್ತಿ ಕೂತರು. ಕೆಲ್ಲೋಡಿನ ಹತ್ತಿರ ವೇದಾವತಿ ಹೊಳೆಗೆ ಹೋದೆವು. ಈ ಹೊಳೆಯ ನೀರೇ ಮುಂದೆ ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ ಸೇರುವುದು. 1907ರ ಆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ ವರ್ಷಗಳಲ್ಲಿ ಈ ಹೊಳೆಯಲ್ಲಿ ಜೀಪು ಇಳಿಸಲು ಫೋರ್‌ವೀಲ್ ಬೇಕಿದ್ದದ್ದು ಮರಳಿಗಾಗಿ, ನೀರಿಗಾಗಿ ಅಲ್ಲ. ಈಗ ನೀರೂ ಇತ್ತು. ಪೆಟ್ರೋಲ್ ಇಂಜಿನ್ನಿದ್ದಾಗ ಮೊಣಕಾಲುದ್ದದ ನೀರಿಗೆ ಡಿಸ್ಟ್ರಿಬ್ಯೂಟರು ತೇವವಾಗಿ ಹೊಳೆ ನಡುವೆ ನಿಂತುಬಿಡುತ್ತಿತ್ತು. ಡೀಸೆಲ್ಲಿಗೆ ಡಿಸ್ಟ್ರಿಬ್ಯೂಟರೂ ಇಲ್ಲ, ಕಿಡಿಯೂ ಬೇಡ. ಫ್ಯಾನು ನೀರೆರಚದಂತೆ ಬೆಲ್ಟು ತೆಗೆದು, ಲೋ ಗೇರಿಗೆ ಹಾಕಿ ದಾಟಿದೆವು. ನಡುವೆ ಒಂದು ಕಲ್ಲು ಅಡಿಗೆ ತಾಗಿ ‘ಟಣ್’ ಎಂದಿತು. ಆಚೆ ದಡದಲ್ಲಿ ಇಳಿದು ನೋಡಿದರೆ ತೊಲೆಯ ಕಪ್ಪು ಬಣ್ಣ ಒಂದಿಷ್ಟು ಕೆತ್ತಿಹೋಗಿತ್ತು. ಚೇಂಬರಿಗೆ ಆಗಬೇಕಿದ್ದ ಪೆಟ್ಟನ್ನು ಅದು ತಿಂದಿತ್ತು. ಇಂಜಿನ್ ಹೊರುವುದರ ಜೊತೆಗೆ ಈ ಕಾವಲು ಕೆಲಸ ಪುಕ್ಕಟೆ.

ಮುಂದಿನ ವಾರ ತೊಲೆ ಮಾರಿದವರು ದೆಹಲಿಯಿಂದ ಫೋನು ಮಾಡಿದರು. ಗಿರಾಕಿಯ ಅಭಿಪ್ರಾಯ ಕೇಳುವ ಒಳ್ಳೆಯ ಪದ್ಧತಿ. ನಾನು ಗ್ಯಾರೇಜಿನಲ್ಲೇ ಇದ್ದೆ, ಹಿಂದಿಯಲ್ಲಿ ಮಾತಾಡಲು ಸಾಬರಿಗೇ ಫೋನು ಕೊಟ್ಟೆ. ಎಡಗಡೆಯ ತೂತುಗಳನ್ನು ಉದ್ದುದ್ದಕ್ಕೆ ಕೊಟ್ಟರೆ ಹಳೇ ಗಾಡಿಗಳಿಗೆ ಅನುಕೂಲ, ಇಲ್ಲವೇ ಒಂದು ಕಡೆಯ ಫಲಕವನ್ನು ಬೆಸೆಯದೆ ಬಿಡಿಯಾಗಿಯೇ ಕಳಿಸಿ ಎಂದು ಸಾಬರು ವಿವರವಾಗಿ ಹೇಳಿದರು. ಆ ಕಡೆಯವರು ಸ್ವಲ್ಪ ಹೊತ್ತು ಕೇಳಿ, ಇಷ್ಟು ವರ್ಷದಲ್ಲಿ ಪಂಜಾಬಿನಿಂದ ಕೇರಳದವರೆಗೆ ಕಳಿಸಿದ್ದೇವೆ, ಒಬ್ಬರೂ ತೂತು ಸೇರಲಿಲ್ಲ ಎಂದು ದೂರು ಹೇಳಿಲ್ಲ ಎಂದರಂತೆ. ಸಾಬರು ಫೋನನ್ನು ನನ್ನ ಕೈಗೆ ವಾಪಸು ಕೊಡುತ್ತಾ, “ಹೆಂಗೆ ಹೇಳ್ತಾರೆ ಮೇಷ್ಟ್ರೇ, ಎಲ್ಲರೂ ಕೊರ್ಕೊಂಡು ಸುಮ್ನಾಗಿರ್ತಾರೆ” ಎಂದು, ಹೊಳಲ್ಕೆರೆಯಿಂದ ಬಂದು ನಿಂತಿದ್ದ ಇನ್ನೊಂದು 3ಬಿಯ ಅಡಿಗೆ ತೂಕದ ಗುಂಡು ಹಿಡಿದು ತೂರಿಕೊಂಡರು.